ಕೆಳಗಿನ ತೋಟಕ್ಕೆ ಸುಣ್ಣ

2021ರ ಆಗಸ್ಟ್. ಅಡಿಕೆ ತೋಟಕ್ಕೆ ಎರಡನೇ ಸಲದ ಕೊಳೆರೋಗದ ಔಷಧಿ ಹೊಡೆಸುತ್ತಿದ್ದೆ. ಮರದ ಮೇಲಿದ್ದ ಕೊನೆಗಾರ ಅಲ್ಲಿಂದಲೇ ಕೂಗಿದ. "ಗೌಡ್ರೇ, ಕೆಳಗಿನ ತೋಟದ ಸೋಗೆ ಬಣ್ಣ ಎಂತ ಹೀಗೆ? ಮೇಲಿಂದ ನೋಡಿದ್ರೆ ಗದ್ದೆ ಕೊಯ್ಲಿಗೆ ಬಂದ ಹಾಗೆ ಕಾಣ್ತದೆ."

ನಾನು ಕೆಳಗೆ ಡ್ರಮ್ಮಿನ ಹತ್ತಿರ ನಿಂತು ಬೋರ್ಡೋ ದ್ರಾವಣಕ್ಕೆ ಸುಣ್ಣದ ನೀರಿಗೆ ಮೈಲುತುತ್ತದ ನೀರು ಬಿಡುತ್ತಿದ್ದೆ. ಕೈ ತುಂಬ ಸುಣ್ಣ ಮಾಡಿಕೊಂಡೇ ಆ ಮಾತು ಕೇಳಿಸಿಕೊಂಡೆ. ಮದ್ದು ಕೈಯಲ್ಲೇ ಇತ್ತು. ಅದು ತಲೆಗೆ ಹೊಳೆಯಲು ಇನ್ನೂ ಮೂರು ತಿಂಗಳು ಬೇಕಾಯಿತು.

ನಮ್ಮದು ತೀರ್ಥಹಳ್ಳಿ ತಾಲೂಕು. ಒಂದೂವರೆ ಎಕರೆ ಅಡಿಕೆ, ಸುಮಾರು 800 ಮರ. ಮನೆಗೆ ಹೊಂದಿಕೊಂಡ 500 ಮರಕ್ಕೆ ಮೇಲಿನ ತೋಟ ಅನ್ನುತ್ತೇವೆ. ಇಳಿಜಾರು ಇಳಿದು ಹಳ್ಳದ ಕಡೆ ಹೋದರೆ ಸಿಗುವ 300 ಮರ ಕೆಳಗಿನ ತೋಟ. ಎರಡೂ ಅಪ್ಪಯ್ಯ ಒಂದೇ ವರ್ಷ ನೆಟ್ಟ ಸಸಿಗಳು. ಗೊಬ್ಬರದ ಚೀಲ ಎರಡಕ್ಕೂ ಒಂದೇ ಅಂಗಡಿಯದು. ಆದರೂ ಕೆಳಗಿನ ತೋಟದಲ್ಲಿ ನಾಲ್ಕೈದು ವರ್ಷದಿಂದ ಗೊನೆ ಸಣ್ಣದಾಗುತ್ತಾ ಬಂದಿತ್ತು. ಸಿಂಗಾರ ಒಡೆಯುತ್ತಿತ್ತು, ಮಿಳ್ಳೆ (ಎಳೆಗಾಯಿ) ಕಟ್ಟುತ್ತಿತ್ತು, ಆಮೇಲೆ ಬುಡದ ತುಂಬ ಉದುರಿ ಬಿದ್ದಿರುತ್ತಿತ್ತು. ಹಳ್ಳದ ಶೀತ ಅಂತ ನಾವೇ ಒಂದು ಕಾರಣ ಹುಡುಕಿಕೊಂಡು ಸುಮ್ಮನಿದ್ದೆವು.

ಸೋಗೆ ಹಳದಿ ಅಂದ ತಕ್ಷಣ ನಮ್ಮ ಕಡೆ ಎದೆ ಧಸಕ್ ಅನ್ನುತ್ತದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಬಂದು ತೋಟಕ್ಕೆ ತೋಟವೇ ಹೋದದ್ದನ್ನು ಕಣ್ಣಾರೆ ನೋಡಿದವರು ನಾವು. ಅದಕ್ಕೆ ಮದ್ದಿಲ್ಲ. ಪಕ್ಕದ ತೋಟದವರು ಬಂದು ನೋಡಿ, "ಬಂತು ಅಂತ ಕಾಣ್ತದೆ ಮಾರಾಯಾ" ಅಂದು ಹೋದರು. ಸಮಾಧಾನ ಹೇಳುವ ರೀತಿ ಅದು! ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಉದುರಿದ ಕಾಯಿ ಹತ್ತು ಆರಿಸಿ ತಂದು ಕತ್ತಿಯಲ್ಲಿ ಸೀಳಿ ನೋಡಿದೆ. ಆ ರೋಗವಿದ್ದರೆ ಒಳಗಿನ ತಿರುಳು ಕಪ್ಪಾಗುತ್ತದೆ. ನಮ್ಮ ಕಾಯಿ ಒಳಗೆ ಬೆಳ್ಳಗೇ ಇತ್ತು. ಹಳದಿ ಹಳೆಯ ಸೋಗೆಗಳಲ್ಲೇ ಇತ್ತು, ಸುಳಿಯ ಹತ್ತಿರದ ಎಲೆ ಹಸಿರಾಗೇ ಇತ್ತು; ಆದರೆ ಆ ರೋಗವೂ ಹಳೆಯ ಸೋಗೆಯಿಂದಲೇ ಶುರುವಾಗುತ್ತದೆ. ಕಾಯಿ ನೋಡಿಯೇ ಸ್ವಲ್ಪ ಉಸಿರು ಬಂತು.

ದೀಪಾವಳಿಗೆ ಅಕ್ಕ, ಭಾವ ಬಂದರು. ಭಾವಂದು ಮೂಡಿಗೆರೆ ಕಡೆ ಕಾಫಿ ತೋಟ. ಹೋಳಿಗೆ ಊಟ ಮುಗಿಸಿ ಎಲೆ ಹಾಕಿಕೊಂಡು ಕೆಳಗಿನ ತೋಟಕ್ಕೆ ಹೋದೆವು. ಭಾವ ಸೋಗೆಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಗುದ್ದಲಿ ಕೇಳಿದರು. ಒಂದು ಮರದ ಬುಡದಿಂದ ಎರಡಡಿ ದೂರದಲ್ಲಿ ದರಕು (ಒಣ ಎಲೆ) ಸರಿಸಿ ಮೆಲ್ಲಗೆ ಕೆದಕಿದರು. ಬೇರು ಕೈಗೆತ್ತಿಕೊಂಡು ತೋರಿಸಿದರು. ತುದಿ ಮೊಂಡಾಗಿ, ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಬೀಡಿ ತುಂಡಿನ ಹಾಗಿತ್ತು. ಬಿಳಿ ಎಳೆಬೇರು ಹುಡುಕಿದರೂ ಇಲ್ಲ. ಮೇಲಿನ ತೋಟದಲ್ಲೂ ಒಂದು ಕಡೆ ಕೆದಕಿ ನೋಡಿದೆವು. ಅಲ್ಲಿ ದರಕಿನ ಕೆಳಗೇ ಬೆಳ್ಳನೆ ಬೇರಿನ ಬಲೆ ಇತ್ತು, ಎರೆಹುಳವೂ ಇತ್ತು.

"ಸುಣ್ಣ ಯಾವಾಗ ಹಾಕಿದ್ದು?" ಅಂತ ಕೇಳಿದರು.

"ಬೋರ್ಡೋಗೆ ವರ್ಷಾ ವರ್ಷಾ ಹಾಕ್ತೀವಲ್ಲ ಭಾವ."

"ಅದು ಗೊನೆಗೆ. ಮಣ್ಣಿಗೆ ಯಾವಾಗ ಹಾಕಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕಾಲದಲ್ಲಂತೂ ಇಲ್ಲ. ಮನೆಗೆ ಬಂದು ಅಪ್ಪಯ್ಯನನ್ನು ಕೇಳಿದರೆ, ಅಜ್ಜನ ಕಾಲದಲ್ಲಿ ಘಟ್ಟದ ಕೆಳಗಿಂದ ಚಿಪ್ಪಿನ ಸುಣ್ಣ ಬರುತ್ತಿತ್ತಂತೆ. ಗೋಡೆಗೆ, ಎಲೆಯಡಿಕೆಗೆ ಇಟ್ಟು ಮಿಕ್ಕಿದ್ದನ್ನು ತೋಟಕ್ಕೆ ಬೀರುತ್ತಿದ್ದರಂತೆ. "ರಾಸಾಯನಿಕ ಗೊಬ್ಬರ ಬಂದ ಮೇಲೆ ಅದು ಬಿಟ್ಟುಹೋಯ್ತು" ಅಂದರು.

ಕಾಫಿಯವರಿಗೆ ಇದು ಹೊಸ ವಿಷಯವೇ ಅಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದು ಅವರಿಗೆ ಚಿಗುರು ತೆಗೆಸಿದಷ್ಟೇ ಮಾಮೂಲು. ಅಡಿಕೆಯವರು ನಾವು ಎಲೆಗೆ ಹಚ್ಚುವ ಸುಣ್ಣವನ್ನು ಮರೆತವರಲ್ಲ, ಮಣ್ಣಿಗೆ ಹಾಕುವುದನ್ನು ಮಾತ್ರ ಮರೆತಿದ್ದೇವೆ.

ಹೊರಡುವಾಗ ಭಾವ ಇನ್ನೊಂದು ತಮಾಷೆ ತೋರಿಸಿದರು. ಅಮ್ಮ ಅಂಗಳದ ಧರೆಯ ಅಂಚಿನಲ್ಲಿ ಹೈಡ್ರೇಂಜಿಯಾ ನೆಟ್ಟಿದ್ದಾಳೆ. ಮಳೆಗಾಲದಲ್ಲಿ ಚೆಂಡಿನಂಥ ನೀಲಿ ಹೂವು ಬಿಡುತ್ತದೆ. ಅದರದ್ದೇ ಒಂದು ರೆಂಬೆ ತಂದು ಜಗುಲಿಯ ಗೋಡೆ ಪಕ್ಕ ನೆಟ್ಟರೆ ಅದು ಗುಲಾಬಿ ಹೂವು ಬಿಟ್ಟಿತ್ತು. ತಳಿ ಬದಲಾಯಿತು ಅಂತ ಅಮ್ಮ ಸಸಿ ಕೇಳಿದವರಿಗೆಲ್ಲ ಹೇಳುತ್ತಿದ್ದಳು. "ತಳಿಯಲ್ಲ ಅತ್ತೆ, ಮಣ್ಣು" ಅಂದರು ಭಾವ. ಹುಳಿ (ಆಮ್ಲೀಯ) ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಗೋಡೆಯ ಪಕ್ಕ ಸುಣ್ಣ, ಸಿಮೆಂಟು ಉದುರಿ ಹುಳಿ ತಗ್ಗಿದೆ, ಅಲ್ಯೂಮಿನಿಯಂ ಸಿಗುವುದಿಲ್ಲ, ಹೂವು ಗುಲಾಬಿ. ಹೂವಿಗೆ ನೀಲಿ ಕೊಡುವ ಅದೇ ಅಲ್ಯೂಮಿನಿಯಂ ಅಡಿಕೆ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ಇಷ್ಟು ವರ್ಷ ಅಂಗಳದಲ್ಲೇ ಒಂದು ಪರೀಕ್ಷಾ ಕೇಂದ್ರ ಇಟ್ಟುಕೊಂಡಿದ್ದೆವು ಅನ್ನಿ.

ಆದರೂ ಹೂವಿನ ಬಣ್ಣ ನೋಡಿ ಸುಣ್ಣದ ಲೆಕ್ಕ ಹಾಕಲು ಬರುವುದಿಲ್ಲ. ಮಣ್ಣು ಪರೀಕ್ಷೆ ಆಗಲೇಬೇಕಿತ್ತು. ನಮ್ಮ ಹತ್ತಿರ ಮಣ್ಣು ಆರೋಗ್ಯ ಚೀಟಿ ಒಂದು ಇತ್ತು. 2015ರಲ್ಲಿ ಶುರುವಾದ ಯೋಜನೆಯದು. ಅದರಲ್ಲಿ ರಸಸಾರ, ಅಂದರೆ ಮಣ್ಣಿನ ಹುಳಿ ಹೇಳುವ ಪಿಎಚ್, 5.7 ಅಂತ ಇತ್ತು. ಅದನ್ನು ನೋಡಿಯೇ ನಾನು ನಿಶ್ಚಿಂತೆಯಿಂದ ಇದ್ದದ್ದು. ಆಮೇಲೆ ಗೊತ್ತಾಯಿತು, ಆ ಯೋಜನೆಯಲ್ಲಿ ನೀರಾವರಿ ಜಮೀನಾದರೆ ಎರಡೂವರೆ ಹೆಕ್ಟೇರಿಗೆ, ಮಳೆಯಾಶ್ರಿತವಾದರೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಪದ್ಧತಿ ಇತ್ತು. ಎರಡೂವರೆ ಹೆಕ್ಟೇರ್ ಅಂದರೆ ಆರು ಎಕರೆ. ನಮ್ಮದು ಒಂದೂವರೆ. ಆ ಮಣ್ಣು ನಮ್ಮ ಮೇಲಿನ ತೋಟದ್ದೋ, ಪಕ್ಕದವರದ್ದೋ ದೇವರಿಗೇ ಗೊತ್ತು. ಒಂದು ಊರಿನ ಅಂದಾಜಿಗೆ ಅದು ಸಾಕು. ನಮ್ಮ 300 ಮರದ ಕಥೆ ಅದರಲ್ಲಿ ಸಿಗುವುದಿಲ್ಲ. ಅದರಲ್ಲಿರುವ ಹನ್ನೆರಡು ಅಂಶಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಇಲ್ಲ. ಮಲೆನಾಡಿನಲ್ಲಿ ಮಳೆ ತೊಳೆದುಕೊಂಡು ಹೋಗುವುದು ಮುಖ್ಯವಾಗಿ ಅವೆರಡನ್ನೇ.

ಡಿಸೆಂಬರಿನಲ್ಲಿ ನಾನೇ ಮಣ್ಣು ತೆಗೆದೆ. ಮೊದಲನೇ ಸಲ ತಪ್ಪಾಯಿತು. ಒಂದೇ ಕಡೆ ಗುಂಡಿ ತೋಡಿ, ಮಣ್ಣನ್ನು ಯೂರಿಯಾದ ಖಾಲಿ ಚೀಲಕ್ಕೆ ತುಂಬಿ, ಬೈಕಿನಲ್ಲಿ ತೆಗೆದುಕೊಂಡು ಹೋದೆ. ಪ್ರಯೋಗಾಲಯದವರು ಚೀಲ ನೋಡಿಯೇ ನಕ್ಕರು. "ಇದು ನಿಮ್ಮ ಮಣ್ಣಿನ ಪರೀಕ್ಷೆ ಆಗಲ್ಲ, ಯೂರಿಯಾ ಪರೀಕ್ಷೆ ಆಗ್ತದೆ. ವಾಪಸ್ ಒಯ್ಯಿರಿ." ನಲವತ್ತು ಕಿಲೋಮೀಟರ್ ಸುಮ್ನೆ ಹೋಗಿ ಬಂದ ಹಾಗಾಯಿತು.

ಎರಡನೇ ಸಲ ಅವರು ಹೇಳಿಕೊಟ್ಟ ಹಾಗೆ ಮಾಡಿದೆ. ಮೇಲಿನ ತೋಟ, ಕೆಳಗಿನ ತೋಟ ಬೇರೆ ಬೇರೆ. ಒಂದೊಂದರಲ್ಲೂ ಅಂಕುಡೊಂಕಾಗಿ ನಡೆದು ಹನ್ನೆರಡು ಹದಿಮೂರು ಕಡೆ. ಗೊಬ್ಬರದ ಗುಂಡಿಯ ಹತ್ತಿರ, ಬಸಿಗಾಲುವೆಯ ಅಂಚಿನಲ್ಲಿ, ಔಷಧಿ ಕದಡುವ ಜಾಗದಲ್ಲಿ ತೆಗೆಯಲಿಲ್ಲ. ಬುಡದಿಂದ ಎರಡಡಿ ಬಿಟ್ಟು, ಮೇಲಿನ ದರಕು ಸರಿಸಿ, ಇಂಗ್ಲಿಷಿನ 'ವಿ' ಆಕಾರದಲ್ಲಿ ಒಂದಡಿ ಆಳ ತೋಡಿ, ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪಕ್ಕೆ ಮಣ್ಣು ಕೆತ್ತಿದೆ. ಎಲ್ಲ ಸೇರಿಸಿ, ಹೆಂಟೆ ಪುಡಿ ಮಾಡಿ, ಕಲ್ಲು ಬೇರು ಆರಿಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಬಿಟ್ಟು, ಮತ್ತೆ ಸೇರಿಸಿ, ಮತ್ತೆ ನಾಲ್ಕು ಪಾಲು. ಕೊನೆಗೆ ಅರ್ಧ ಕೆಜಿ ಉಳಿಯಿತು. ನೆರಳಲ್ಲಿ ಹಳೇ ಪಂಚೆಯ ಮೇಲೆ ಹರಡಿ ಒಣಗಿಸಿದೆ. ಅಮ್ಮ ದೂರದಿಂದ ನೋಡಿ, "ಹಪ್ಪಳಕ್ಕೂ ಇಷ್ಟು ಉಪಚಾರ ಇಲ್ಲಪ್ಪಾ" ಅಂದಳು.

ಮೂರು ವಾರಕ್ಕೆ ವರದಿ ಬಂತು. ಮೇಲಿನ ತೋಟದ ರಸಸಾರ 5.9. ಕೆಳಗಿನ ತೋಟದ್ದು 4.8.

ಒಂದು ಚಿಲ್ಲರೆ ವ್ಯತ್ಯಾಸ, ಅದರಲ್ಲೇನು ಅಂತ ನನಗೂ ಅನ್ನಿಸಿತು. ಈ ಲೆಕ್ಕ ಅಡುಗೆಯ ಉಪ್ಪು-ಖಾರದ ಲೆಕ್ಕ ಅಲ್ಲ. ರಸಸಾರ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ನಮ್ಮ ಎರಡು ತೋಟದ ನಡುವೆ ಹನ್ನೆರಡು ಪಟ್ಟು ವ್ಯತ್ಯಾಸ! ನಡುವೆ ಇರುವುದು ಇಪ್ಪತ್ತು ಮೆಟ್ಟಿಲು.

ವರದಿಯಲ್ಲಿ ಇನ್ನೊಂದು ವಿಚಿತ್ರ ಇತ್ತು. ಕೆಳಗಿನ ತೋಟದಲ್ಲಿ ಸಾವಯವ ಇಂಗಾಲ ಭರ್ಜರಿ. ರಂಜಕ ಮಾತ್ರ ಕಡಿಮೆ. ಹದಿನೈದು ವರ್ಷದಿಂದ ವರ್ಷಕ್ಕೆರಡು ಸಲ ರಂಜಕ ಹಾಕುತ್ತಿದ್ದೇನೆ, ಅದೆಲ್ಲ ಎಲ್ಲಿ ಹೋಯಿತು? ಪ್ರಯೋಗಾಲಯದಲ್ಲಿದ್ದ ಹುಡುಗಿ ತಾಳ್ಮೆಯಿಂದ ಹೇಳಿದಳು. ಎಲ್ಲೂ ಹೋಗಿಲ್ಲ ಸಾರ್, ಅಲ್ಲೇ ಇದೆ. ಹುಳಿ ಜಾಸ್ತಿಯಾದಾಗ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಎರಡೂ ರಂಜಕವನ್ನು ಹಿಡಿದುಕೊಂಡು ಬಿಡುತ್ತವೆ. ಮರಕ್ಕೆ ಬಿಟ್ಟುಕೊಡುವುದಿಲ್ಲ. ಬ್ಯಾಂಕಿನಲ್ಲಿ ದುಡ್ಡಿದ್ದೂ ಖಾತೆ ಮುಟ್ಟುಗೋಲು ಆದ ಹಾಗೆ ಅಂತ ನನಗೆ ಅರ್ಥವಾಯಿತು.

ಒಂದೇ ಮನೆಯ ಎರಡು ತೋಟ ಯಾಕೆ ಹೀಗಾಯಿತು? ಕಾರಣ ಹುಡುಕುತ್ತಾ ಹೋದರೆ ನಮ್ಮ ಸೋಮಾರಿತನವೇ ಸಿಕ್ಕಿತು. ಕೊಟ್ಟಿಗೆ ಗೊಬ್ಬರ ಹೊರುವುದು ಕಷ್ಟ. ಬುಟ್ಟಿ ಹೊತ್ತವರು ಹತ್ತಿರದ ಮೇಲಿನ ತೋಟಕ್ಕೇ ಸುರಿಯುತ್ತಿದ್ದರು. ಬಚ್ಚಲೊಲೆಯ ಬೂದಿ ದಿನಾ ಬೆಳಗ್ಗೆ ಅಮ್ಮ ಮೇಲಿನ ತೋಟಕ್ಕೆ ಬೀರುತ್ತಾಳೆ. ಕಟ್ಟಿಗೆ ಬೂದಿಯೂ ಹುಳಿ ತೆಗೆಯುವ ವಸ್ತುವೇ. ಕೆಳಗಿನ ತೋಟಕ್ಕೆ ಬೂದಿ ಇಲ್ಲ, ಗೊಬ್ಬರ ಕಡಿಮೆ. ಆ ಕೊರತೆ ತುಂಬಲು ಚೀಲದ ಗೊಬ್ಬರ ಜಾಸ್ತಿ. ಹೊರಲು ಹಗುರ ನೋಡಿ! ಈ ಅಮೋನಿಯಾ ಇರುವ ಗೊಬ್ಬರಗಳು ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತವೆ. ನೂರು ಕೆಜಿ ಅಮೋನಿಯಂ ಸಲ್ಫೇಟ್ ಹಾಕಿದರೆ ಅದರ ಹುಳಿ ಕಳೆಯಲು ಸುಮಾರು 110 ಕೆಜಿ ಸುಣ್ಣದ ಕಲ್ಲಿನ ಪುಡಿ ಬೇಕು. ಮೇಲಿಂದ ನಾಲ್ಕು ತಿಂಗಳ ಮಳೆ. ಇಳಿಜಾರಿನ ನೀರೆಲ್ಲ ಕೆಳಗಿನ ತೋಟವನ್ನು ತೊಳೆದುಕೊಂಡೇ ಹಳ್ಳ ಸೇರುವುದು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ನಾವು ಎರಡನೇ ಕಣ್ಣಿಗೆ ಸುಣ್ಣವನ್ನೂ ಕೊಟ್ಟಿರಲಿಲ್ಲ.

ಹುಳಿ ಮಣ್ಣಿಗೆ ಮರಕ್ಕೆ ಅರ್ಧ ಕೆಜಿ ಸುಣ್ಣ, ಎರಡು-ಮೂರು ವರ್ಷಕ್ಕೊಮ್ಮೆ. ಅಡಿಕೆಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಇದು. ನಮ್ಮದು ಐದಕ್ಕಿಂತ ಕೆಳಗೆ ಇಳಿದಿದ್ದರಿಂದ ಎರಡು ವರ್ಷ ಸಾಲಾಗಿ ಅರ್ಧರ್ಧ ಕೆಜಿ ಹಾಕಿ, ನಡುವೆ ಒಮ್ಮೆ ಪರೀಕ್ಷೆ ಮಾಡಿಸಿ ಅಂದರು. ಒಂದೇ ಸಲ ಒಂದು ಕೆಜಿ ಸುರಿದು ಕೈ ತೊಳೆದುಕೊಳ್ಳೋಣ ಅಂದುಕೊಂಡೆ. ಬೇಡ ಅಂದರು. ಒಮ್ಮೆಲೇ ಜಾಸ್ತಿಯಾದರೆ ಸತು, ಬೋರಾನ್ ಮರಕ್ಕೆ ಸಿಗದ ಹಾಗಾಗುತ್ತದೆ. ಏಳರವರೆಗೆ ಏರಿಸುವ ಆಸೆಯೂ ಬೇಡ, ಆರರ ಹತ್ತಿರ ಬಂದರೆ ಸಾಕು ಅಂದರು.

ಮುನ್ನೂರು ಮರಕ್ಕೆ 150 ಕೆಜಿ. ಐವತ್ತು ಕೆಜಿಯ ಮೂರು ಚೀಲ. ಏಪ್ರಿಲಿನಲ್ಲಿ ಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ "ತೋಟಕ್ಕೆ ಹಾಕುವ ಸುಣ್ಣ" ಅಂತ ಕೇಳಿದೆ. ಬಿಳಿ ಪುಡಿಯ ಮೂರು ಚೀಲ ಜೀಪಿಗೆ ಹಾಕಿ ಕಳಿಸಿದರು. ಮನೆಗೆ ತಂದು ಭಾವನಿಗೆ ಫೋನ್ ಮಾಡಿದೆ. "ನಿಂಬೆಹಣ್ಣು ಹಿಂಡಿ ನೋಡು" ಅಂದರು. ಒಂದು ಚಮಚ ಪುಡಿ ಗರಟೆಯಲ್ಲಿ ಹಾಕಿ ನಿಂಬೆ ಹಿಂಡಿದೆ. ಏನೂ ಆಗಲಿಲ್ಲ. ಇನ್ನೂ ಅರ್ಧ ಹಿಂಡಿದೆ. ಒದ್ದೆ ಹಿಟ್ಟಿನ ಹಾಗೆ ಸುಮ್ಮನೆ ಕೂತಿತ್ತು. "ನೊರೆ ಬರ್ಲಿಲ್ವಾ? ಹಾಗಾದ್ರೆ ಅದು ಜಿಪ್ಸಂ ಮಾರಾಯಾ. ವಾಪಸ್ ಕೊಡು."

ಜಿಪ್ಸಂನಲ್ಲೂ ಕ್ಯಾಲ್ಸಿಯಂ ಇದೆ. ಬಯಲುಸೀಮೆಯ ಕ್ಷಾರ ಮಣ್ಣಿಗೆ ಹಾಕುವುದು ಅದನ್ನೇ. ಆದರೆ ಅದು ಹುಳಿ ಕಳೆಯುವುದಿಲ್ಲ. ನಿಂಬೆರಸದ ಹುಳಿಯನ್ನೇ ಕಳೆಯದ್ದು ಮಣ್ಣಿನ ಹುಳಿ ಏನು ಕಳೆಯುತ್ತದೆ? ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರಿಗೂ ಎರಡೂ ಒಂದೇ ಬಿಳಿ ಪುಡಿ. ತಗಾದೆ ಇಲ್ಲದೆ ವಾಪಸ್ ತೆಗೆದುಕೊಂಡರು. ಜೀಪಿನ ಬಾಡಿಗೆ ಮಾತ್ರ ಎರಡು ಸಲ ಕೊಟ್ಟೆ.

ಆಮೇಲೆ ಬೇರೆ ಕಡೆ ಸುಣ್ಣದ ಕಲ್ಲಿನ ಪುಡಿ ಸಿಕ್ಕಿತು. ಕೃಷಿ ಸುಣ್ಣ ಅಂತ ಮಾರುತ್ತಾರೆ. ನಿಂಬೆ ಹಿಂಡಿದರೆ ಸೋಡಾದ ಹಾಗೆ ಬುಸ್ ಅಂತ ನೊರೆ ಬಂತು. ಬೆರಳಲ್ಲಿ ತಿಕ್ಕಿ ನೋಡಿದೆ, ಮೈದಾದಷ್ಟು ನುಣ್ಣಗಿತ್ತು. ನುಣುಪು ಮುಖ್ಯ. ಮರಳಿನ ಹಾಗಿರುವ ಸುಣ್ಣದ ಕಲ್ಲು ಮಣ್ಣಿನಲ್ಲಿ ಕರಗಲು ವರ್ಷಗಟ್ಟಲೆ ಬೇಕು.

ಮನೆಯಲ್ಲಿ ಬೋರ್ಡೋಗೆ ತಂದ ಸುಟ್ಟ ಸುಣ್ಣ ಒಂದು ಚೀಲ ಉಳಿದಿತ್ತು. ಅದನ್ನೇ ಹಾಕಿದರಾಗದೇ ಅಂತ ಅಪ್ಪಯ್ಯನ ಪ್ರಶ್ನೆ. ಹಾಕಬಹುದು, ಲೆಕ್ಕ ಬೇರೆ. ಶುದ್ಧ ಸುಣ್ಣದ ಕಲ್ಲಿನ ಪುಡಿ ನೂರು ಕೆಜಿ ಮಾಡುವ ಕೆಲಸವನ್ನು ಅರಳಿಸಿದ ಸುಣ್ಣ 74 ಕೆಜಿಯಲ್ಲಿ, ಸುಟ್ಟ ಸುಣ್ಣ 56 ಕೆಜಿಯಲ್ಲಿ ಮಾಡುತ್ತದೆ. ಕೆಲಸವೂ ಚುರುಕು. ಅಷ್ಟೇ ಚುರುಕಾಗಿ ಕೈ, ಕಣ್ಣು, ಎಳೆಬೇರನ್ನೂ ಸುಡುತ್ತದೆ. ಮೊದಲೇ ಸೊರಗಿದ ಬೇರಿಗೆ ಅದು ಬೇಡ ಅನ್ನಿಸಿ ಬಿಟ್ಟೆ.

ಪೂರ್ತಿ ಬಿಡಲಿಲ್ಲ ಅನ್ನಿ. ಇಲ್ಲಿ ನನ್ನ ಇನ್ನೊಂದು ಘನಕಾರ್ಯ ಹೇಳಬೇಕು. ಮೇ ತಿಂಗಳ ಗೊಬ್ಬರವೂ ಬಾಕಿ ಇತ್ತು. ಆಳಿನ ಖರ್ಚು ಎರಡು ಸಲ ಯಾಕೆ, ಎರಡನ್ನೂ ಒಟ್ಟಿಗೆ ಕಲಸಿ ಹಾಕಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಅಂತ ತಲೆಗೆ ಬಂತು. ಪರೀಕ್ಷೆಗೆ ಅಂತ ಒಂದು ಬಕೆಟ್ಟಿನಲ್ಲಿ ಸಾರಜನಕ, ರಂಜಕ ಎರಡೂ ಇರುವ 'ಇಪ್ಪತ್ತು-ಇಪ್ಪತ್ತು' ಗೊಬ್ಬರ ಹಾಕಿ, ಮೇಲೆ ಅರಳಿಸಿದ ಸುಣ್ಣ ಎರಡು ಬೊಗಸೆ ಸುರಿದು ಕೋಲಿನಲ್ಲಿ ತಿರುವಿದೆ. ಸುಣ್ಣ ಸ್ವಲ್ಪ ಹಸಿ ಇತ್ತು. ಅರ್ಧ ನಿಮಿಷ ಆಗಿಲ್ಲ, ಮುಖಕ್ಕೆ ಹೊಡೆದ ಹಾಗೆ ಘಾಟು ಬಂತು. ಕಣ್ಣಲ್ಲಿ ದಳದಳ ನೀರು. ಕೊಟ್ಟಿಗೆಯನ್ನು ಎಂಟು ದಿನ ತೊಳೆಯದೇ ಬಿಟ್ಟರೆ ಬರುವ ವಾಸನೆ, ಅದರ ಹತ್ತು ಪಟ್ಟು. ಅಮ್ಮ ಅಡುಗೆ ಮನೆಯಿಂದಲೇ "ಎಂತ ಸುಟ್ಟೆ?" ಅಂತ ಕೂಗಿದಳು. ದುಡ್ಡು ಕೊಟ್ಟು ತಂದ ಸಾರಜನಕ ಅಮೋನಿಯಾ ಆಗಿ ಮಾಡಿನ ಹಂಚಿನ ಸಂದಿಯಲ್ಲಿ ಹಾರಿ ಹೋಗುತ್ತಿತ್ತು. ಅವತ್ತಿಗೆ ಆ ಯೋಚನೆ ಮುಗಿಯಿತು. ಸುಣ್ಣ ಹಾಕಿ ಕನಿಷ್ಠ ಮೂರು-ನಾಲ್ಕು ವಾರ ಬಿಟ್ಟೇ ಗೊಬ್ಬರ.

2022ರಲ್ಲಿ ಭರಣಿ ಮಳೆ ಎರಡು ಸಲ ಚೆನ್ನಾಗಿ ಬಂತು. ಮಣ್ಣು ಹದವಾಯಿತು. ಒಣ ನೆಲಕ್ಕೆ ಹಾಕಿದರೆ ಸುಣ್ಣ ಮೇಲೇ ಕೂರುತ್ತದೆ. ಜೂನಿನ ಜಡಿಮಳೆಗೆ ಹಾಕಿದರೆ ಹಳ್ಳಕ್ಕೆ ಹಾಕಿದ ಹಾಗೆ. ನಡುವಿನ ಈ ಹದಿನೈದು ಇಪ್ಪತ್ತು ದಿನವೇ ಸರಿಯಾದ ಸಮಯ. ಅದು ತಪ್ಪಿದರೆ ಮಳೆ ಬಿಟ್ಟ ಮೇಲೆ, ಭೂಮಿ ಹುಣ್ಣಿಮೆಯ ಸುಮಾರಿಗೆ ಹಾಕಬಹುದು.

ಗಾಳಿ ಇಲ್ಲದ ಬೆಳಗ್ಗೆ ಶುರು ಮಾಡಿದೆವು. ನಾನು, ಒಬ್ಬ ಗಂಡಾಳು, ಇಬ್ಬರು ಹೆಣ್ಣಾಳು. ಕೆಳಗಿನ ತೋಟಕ್ಕೆ ಗಾಡಿ ಹೋಗುವುದಿಲ್ಲ, ಚೀಲ ಒಡೆದು ಬುಟ್ಟಿಯಲ್ಲೇ ಹೊರಬೇಕು. ಅಳತೆಗೆ ಒಂದು ಹಳೇ ಮಗ್ ತೆಗೆದುಕೊಂಡು, ತಕ್ಕಡಿಯಲ್ಲಿ ಅರ್ಧ ಕೆಜಿ ತೂಗಿ ಸುರಿದು, ಅಲ್ಲಿಗೆ ಹೆಂಡತಿಯ ಉಗುರುಬಣ್ಣದಿಂದ ಗೆರೆ ಹಾಕಿದೆ. ಒಬ್ಬರು ಮುಂದೆ ಹೋಗಿ ಬುಡದ ದರಕು ಸರಿಸುವುದು. ಹಿಂದೆ ಇನ್ನೊಬ್ಬರು ಬುಡಕ್ಕೆ ತಾಗದ ಹಾಗೆ ಒಂದಡಿ ಬಿಟ್ಟು, ಅಲ್ಲಿಂದ ಮೂರಡಿವರೆಗೆ ಬಳೆಯ ಹಾಗೆ ಸುತ್ತ ಉದುರಿಸುವುದು. ಮೂರನೆಯವರು ಎರಡು ಮೂರು ಇಂಚು ಮೇಲ್ಮಣ್ಣು ಕೆದಕಿ ಸೇರಿಸಿ, ದರಕು ಮತ್ತೆ ಎಳೆದು ಮುಚ್ಚುವುದು. ಆಳಕ್ಕೆ ಕೊಚ್ಚಬಾರದು, ಅಡಿಕೆ ಬೇರು ಮೇಲೇ ಇರುತ್ತದೆ. ಮಣ್ಣಿಗೆ ಸೇರಿಸದೆ ಹಾಗೇ ಬಿಟ್ಟರೂ ಪ್ರಯೋಜನ ಇಲ್ಲ. ಸುಣ್ಣ ತಾನಾಗಿ ಕೆಳಗೆ ಇಳಿಯುವುದು ಬಹಳ ನಿಧಾನ.

ಹೆಣ್ಣಾಳುಗಳಲ್ಲಿ ಹಿರಿಯಾಕೆ ಎಲೆಯಡಿಕೆ ಬಿಟ್ಟು ಅರ್ಧ ಗಂಟೆ ಇರುವವಳಲ್ಲ. ಹತ್ತೂವರೆಗೆ ಸಂಚಿ ಬಿಚ್ಚಿದಳು. ಡಬ್ಬಿಯಲ್ಲಿ ಸುಣ್ಣ ಒಣಗಿತ್ತು. ಎದುರಿಗೆ ನೂರೈವತ್ತು ಕೆಜಿ ಸುಣ್ಣ ಇರುವಾಗ ಯೋಚನೆ ಯಾಕೆ ಅಂತ ಬೇಡ ಬೇಡ ಅನ್ನುವುದರೊಳಗೆ ಚಿಟಿಕೆ ಹಚ್ಚಿ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಅಗಿದು ತೂ ಅಂತ ಉಗಿದಳು. ಉಗುಳು ಮಣ್ಣು ಬಣ್ಣ. "ಇದೆಂಥ ಸುಣ್ಣ ಗೌಡ್ರೇ, ಬಾಯಿ ಕೆಂಪೇ ಆಗ್ಲಿಲ್ಲ. ಇದು ಮರಕ್ಕೆಂತ ಮಾಡ್ತದೆ?" ಅದು ಸುಡದ ಸುಣ್ಣ, ಸುಟ್ಟು ಅರಳಿಸಿದರೆ ಮಾತ್ರ ಬಾಯಿ ಕೆಂಪಾಗುವುದು ಅಂತ ವಿವರಿಸಿದೆ. ಆಕೆಗೆ ನಂಬಿಕೆ ಬರಲಿಲ್ಲ.

ಸಂಜೆಗೆ ಮುಗಿಯಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಮೂಗಿನೊಳಗೆ ಬಿಳಿ. ಬೆವರು ಇಳಿದ ಕಡೆಯೆಲ್ಲ ಉರಿ. ಎಲ್ಲರೂ ಕೈಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆವು. ಗೊಬ್ಬರ ಹಾಕಿದ್ದು ಆರಿದ್ರಾ ಮಳೆ ಹೊಳವಾದಾಗ.

ಆಮೇಲೆ ಏನೂ ಆಗಲಿಲ್ಲ. ನಿಜವಾಗಿ. ಜುಲೈ, ಆಗಸ್ಟ್, ಸೆಪ್ಟೆಂಬರ್, ಪ್ರತಿ ವಾರ ಹೋಗಿ ಕತ್ತು ನೋಯುವಷ್ಟು ಸೋಗೆ ನೋಡಿದೆ. ಅದೇ ಹಳದಿ. ಅದೇ ಮಿಳ್ಳೆ ಉದುರು. ಯೂರಿಯಾ ಹಾಕಿದರೆ ಹದಿನೈದು ದಿನದಲ್ಲಿ ಬಣ್ಣ ತಿರುಗುವುದನ್ನು ನೋಡಿ ಅಭ್ಯಾಸವಾದ ಕಣ್ಣು ನಮ್ಮದು. ಸುಣ್ಣಕ್ಕೆ ಆ ಶೋಕಿ ಇಲ್ಲ. ಹಳೇ ಸೋಗೆಯ ಹಳದಿ ಹೋಗುವುದೂ ಇಲ್ಲ. ಅದು ಉದುರಿ ಹೊಸತು ಬರಬೇಕು. ಅಡಿಕೆ ವರ್ಷಕ್ಕೆ ಬಿಡುವುದು ಆರೇಳು ಸೋಗೆ. ಲೆಕ್ಕ ಹಾಕಿ, ಎಷ್ಟು ಕಾಯಬೇಕು ಅಂತ.

ಮೊದಲು ಗೊತ್ತಾದದ್ದು ಮಣ್ಣಿನಲ್ಲೇ. ನವೆಂಬರಿನಲ್ಲಿ ಗುದ್ದಲಿ ತೆಗೆದುಕೊಂಡು ಭಾವ ಕೆದಕಿದ ಮರದ ಹತ್ತಿರವೇ ಹೋಗಿ ಕೆದಕಿದೆ. ಮೊಂಡು ಬೇರಿನ ಪಕ್ಕದಿಂದ ಬೆರಳುದ್ದದ ಬಿಳಿ ಬೇರು ಹೊರಟಿತ್ತು. ಎರಡು ಕಡೆ ಎರೆಹುಳವೂ ಸಿಕ್ಕಿತು. ಫೋಟೋ ತೆಗೆದು ಭಾವನಿಗೆ ಕಳಿಸಿದೆ. 2023ರ ಜನವರಿಯ ಪರೀಕ್ಷೆಯಲ್ಲಿ ರಸಸಾರ 5.1. ಎರಡನೇ ವರ್ಷ ಕೃಷಿ ಸುಣ್ಣದ ಬದಲು ಡಾಲಮೈಟ್ ಹಾಕಿದೆ. ಬಾಗಲಕೋಟೆ ಕಡೆ ಸಿಗುವ ಕಲ್ಲು, ಕ್ಯಾಲ್ಸಿಯಂ ಜೊತೆ ಮೆಗ್ನೀಷಿಯಂ ಕೂಡ ಇರುತ್ತದೆ. ಹಳೇ ಸೋಗೆಯಲ್ಲಿ ಹಳದಿ ಬರುವುದು ಮೆಗ್ನೀಷಿಯಂ ಕೊರತೆಯ ಗುರುತು ಅಂತ ಪ್ರಯೋಗಾಲಯದ ಹುಡುಗಿ ಹೇಳಿದ್ದಳು. ಅದಕ್ಕೆ ನಿಂಬೆ ಹಿಂಡಿದರೆ ನೊರೆ ಕಡಿಮೆ ಬರುತ್ತದೆ, ಹೆದರಬೇಡಿ. 2024ರ ಜನವರಿಗೆ 5.5. ಆ ಮಳೆಗಾಲ ಕೊನೆಗಾರ ಮರ ಹತ್ತಿ ಏನೂ ಹೇಳಲಿಲ್ಲ. ಅದೇ ದೊಡ್ಡ ಸರ್ಟಿಫಿಕೇಟು. ಮಿಳ್ಳೆ ಉದುರು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಗೊನೆ ಮೇಲಿನ ತೋಟದಷ್ಟು ಇನ್ನೂ ಆಗಿಲ್ಲ.

ಹಳ್ಳದ ಅಂಚಿನ ಹದಿನೆಂಟು ಮರ ಮಾತ್ರ ಹಾಗೇ ಉಳಿದವು. ಅಲ್ಲಿ ಸೋಗೆ ಗಿಡ್ಡ, ಮುದುಡಿಕೊಂಡು ಹಿಡಿಯ ಹಾಗೆ. ನಮ್ಮ ಕಡೆ ಹಿಡಿಮುಂಡಿಗೆ ಅನ್ನುವುದು ಅದಕ್ಕೇ. ಅಲ್ಲಿಗೆ ಎರಡು ಪಟ್ಟು ಸುಣ್ಣ ಹಾಕಬೇಕೇನೋ ಅಂತ ಚೀಲ ಹೊತ್ತುಕೊಂಡು ಹೋಗಿದ್ದೆ. ಒಂದಡಿ ತೋಡಿದರೆ ಗುಂಡಿಯಲ್ಲಿ ನೀರು ಒಸರಿತು. ಬೇರು ನೀರಲ್ಲಿ ಕೊಳೆಯುತ್ತಿರುವಾಗ ಸುಣ್ಣ ಏನು ಮಾಡೀತು? ಹೂಳು ತುಂಬಿದ್ದ ಬಸಿಗಾಲುವೆಯನ್ನು ಮೂರಡಿ ಆಳಕ್ಕೆ ತೆಗೆಸಿದೆ. ಆ ಖರ್ಚು ಎರಡು ವರ್ಷದ ಸುಣ್ಣದ ಖರ್ಚಿಗಿಂತ ಜಾಸ್ತಿಯಾಯಿತು. ಆ ಮರಗಳ ಮಾತು ಇನ್ನೆರಡು ವರ್ಷ ಬಿಟ್ಟು ಹೇಳುತ್ತೇನೆ.

ಅಮ್ಮನ ಬೂದಿ ಈಗ ಪಾಲಾಗಿದೆ. ವಾರದಲ್ಲಿ ಮೂರು ದಿನದ್ದು ಕೆಳಗಿನ ತೋಟಕ್ಕೆ. ಅದಕ್ಕೆ ಅವಳ ತಕರಾರಿಲ್ಲ. ತಕರಾರು ಇರುವುದು ಬೇರೆ. ಡಾಲಮೈಟ್ ಚೀಲಗಳನ್ನು ಅಂಗಳದ ಧರೆಯ ಮೇಲೆ ಇಳಿಸಿದ್ದೆ. ಒಂದು ಚೀಲ ಹರಿದಿತ್ತು. ಚೆಲ್ಲಿದ್ದನ್ನು ಗುಡಿಸಿದೆ, ಪೂರ್ತಿ ಹೋಗಲಿಲ್ಲ. ಮರು ಮಳೆಗಾಲಕ್ಕೆ ಅವಳ ನೀಲಿ ಹೈಡ್ರೇಂಜಿಯಾ ಒಂದು ಪಕ್ಕದಿಂದ ನೇರಳೆಗೆ ತಿರುಗಿತು. ಈ ವರ್ಷ ಗುಲಾಬಿ. ಬಂದವರಿಗೆಲ್ಲ ತೋರಿಸಿ, "ನೋಡಿ, ಇವನು ಸುಣ್ಣ ಹಾಕಿ ನನ್ನ ಹೂವು ಹಾಳು ಮಾಡಿದ" ಅನ್ನುತ್ತಾಳೆ.